ಗೋಡೆಯ ಮೂಗು

ತುಲ್ಸಾ ಘರ್ತಿ ಮಾಡಿದ ಭೂಕಂಪದ ಪಾಠದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಭೂಮಿಯೊಳಗಿನ ದೊಡ್ಡ ಬಂಡೆಹಾಸುಗಳು ಒಂದನ್ನೊಂದು ತಳ್ಳುವುದು, ತಳ್ಳಿ ತಳ್ಳಿ ಒಮ್ಮೆಲೇ ಜಾರುವುದು, ಎಲ್ಲವನ್ನೂ ಎರಡು ಪುಸ್ತಕ ಒತ್ತಿ ಹಿಡಿದು ತೋರಿಸಿದ್ದಳು. ತಗಡಿನ ಶೆಡ್ಡಿನಲ್ಲಿ ಕೂತಿದ್ದ ಎಂಟನೇ ತರಗತಿಯ ಮಕ್ಕಳು ಬರೆದುಕೊಂಡರು. ರೂಪ್ಕಲಾ ಒಬ್ಬಳು ಮಾತ್ರ ಪೆನ್ನು ಕಚ್ಚುತ್ತಾ ಕೂತಿದ್ದಳು.

"ಮಿಸ್, ಭೂಮಿ ಅಲ್ಲಾಡಿದ್ದು ಎಲ್ರಿಗೂ ಒಂದೇ ಥರ ಅಲ್ವಾ? ನಮ್ಮನೆ ಬಿತ್ತು, ನಿಮ್ಮನೇನೂ ಬಿತ್ತು. ಹಸ್ತಬೀರ್ ಅಜ್ಜನ ಎಮ್ಮೆ ಕೊಟ್ಟಿಗೆ ಯಾಕೆ ಬೀಳ್ಲಿಲ್ಲ?"

ಪುಸ್ತಕ ಬರೆದ ಮಹಾನುಭಾವರು ಈ ಬೆಟ್ಟದ ಜಿಲ್ಲೆ ಜಾಜರ್‌ಕೋಟಿನ ಎಮ್ಮೆ ಕೊಟ್ಟಿಗೆ ನೋಡಿದ್ದರೆ ತಾನೇ ಅದಕ್ಕೆ ಉತ್ತರ ಇರುವುದು. ತುಲ್ಸಾ ಪುಸ್ತಕ ಮುಚ್ಚಿದಳು.

"ನಂಗೊತ್ತಿಲ್ಲ. ಏಳಿ, ಹೋಗಿ ನೋಡ್ಕೊಂಡು ಬರೋಣ."

ಮಕ್ಕಳು ಹೊರಟ ರಭಸಕ್ಕೆ ಊರಿನ ಕೋಳಿಗಳೆಲ್ಲ ದಿಕ್ಕಾಪಾಲಾದವು. ಕೊಟ್ಟಿಗೆಯ ಗೋಡೆಯಲ್ಲಿ ಅಲ್ಲಲ್ಲಿ ಕಲ್ಲಿನ ತುದಿಗಳು ಗೇಣುದ್ದ ಹೊರಗೆ ಚಾಚಿದ್ದವು. ಒಂದರಲ್ಲಿ ಹಗ್ಗ, ಇನ್ನೊಂದರಲ್ಲಿ ಮೆಕ್ಕೆಜೋಳದ ಗೊಂಚಲು, ಮತ್ತೊಂದರಲ್ಲಿ ಹರಿದ ಬುಟ್ಟಿ ತೂಗುತ್ತಿದ್ದವು. ರೂಪ್ಕಲಾ ಒಳಗೆ ನುಗ್ಗಿ, ಎಮ್ಮೆಯನ್ನು ಪಕ್ಕಕ್ಕೆ ತಳ್ಳಿ ಕೂಗಿದಳು. "ಮಿಸ್, ಇದೇ ಕಲ್ಲು ಈ ಕಡೆಗೂ ಬಂದಿದೆ."

ಒಂದೇ ಕಲ್ಲು ಗೋಡೆಯ ಈ ಮೈಯಿಂದ ಆ ಮೈಗೆ ಹಾದು ಎರಡನ್ನೂ ಹಿಡಿದುಕೊಂಡಿತ್ತು. ಆಮೇಲೆ ಮಕ್ಕಳು ನಾಲ್ಕು ದಿನ ಊರೆಲ್ಲ ಸುತ್ತಿದರು. ಅಜ್ಜಂದಿರ ಕಾಲದ ಮನೆಗಳಲ್ಲಿ ಆ ಉದ್ದಗಲ್ಲುಗಳಿದ್ದವು. ಆ ಮನೆಗಳು ಬಿರುಕು ಬಿಟ್ಟಿದ್ದವು, ಬಿದ್ದಿರಲಿಲ್ಲ. ಈಚಿನ ಹದಿನಾಲ್ಕು ವರ್ಷಗಳಲ್ಲಿ ಕಟ್ಟಿದ ಮನೆಗಳ ಅವಶೇಷದಲ್ಲಿ ಅಂಥ ಕಲ್ಲು ಒಂದೂ ಸಿಗಲಿಲ್ಲ. ಹದಿನಾಲ್ಕು ಎಂದು ರೂಪ್ಕಲಾ ಪಟ್ಟಿಯಿಂದ ಓದಿದಾಗ ತುಲ್ಸಾ ಅವಸರದಲ್ಲಿ ಮುಂದಿನ ಸಾಲು ಓದಿಸಿದಳು. ಹದಿನಾಲ್ಕೇ ಯಾಕೆಂದು ಅವಳಿಗೆ ಗೊತ್ತಿತ್ತು.

ಬಿದ್ದ ಆ ಮನೆಗಳನ್ನೆಲ್ಲ ಕಟ್ಟಿದವನು ಹಸ್ತಬೀರ್ ಬುಢಾ. ಭೂಕಂಪವಾದ ಮೇಲೆ ಮುದುಕ ಸುತ್ತಿಗೆ ಮುಟ್ಟಿರಲಿಲ್ಲ. ಎಮ್ಮೆಗೆ ಗಟ್ಟಿ ಗೋಡೆ ಕಟ್ಟಿಕೊಂಡ, ನಮ್ಮನ್ನು ಮಣ್ಣುಪಾಲು ಮಾಡಿದ ಎಂದು ಜನ ಅವನ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರು. ಅತ್ತ ಶಾಲೆಯ ಹೊಸ ಕಟ್ಟಡ ಪಾಯಕ್ಕೇ ನಿಂತಿತ್ತು. ಕಲ್ಲಿನ ಕೆಲಸ ಬಲ್ಲ ಗಂಡಸರೆಲ್ಲ ದುಡಿಮೆಗೆಂದು ದೇಶದ ಗಡಿ ದಾಟಿದ್ದರು. ಹಸ್ತಬೀರ್ ಒಪ್ಪದಿದ್ದರೆ ಮಕ್ಕಳಿಗೆ ಬರುವ ಮಳೆಗಾಲವೂ ತಗಡಿನ ಕೆಳಗೇ. ಮೂರು ಸಲ ಕೇಳಿ ಬರಿಗೈಲಿ ಬಂದಿದ್ದ ತುಲ್ಸಾ ನಾಲ್ಕನೇ ಸಲ ಹೋದಳು.

"ಅಜ್ಜ, ನಾಳೆ ಶಾಲೆಗೆ ಬನ್ನಿ. ಗೋಡೆ ಅಂದ್ರೇನು ಅಂತ ಮಕ್ಕಳಿಗೆ ಪಾಠ ಹೇಳ್ಬೇಕು."

"ನಾನಾ? ನಾನು ಕಟ್ಟಿದ್ದೆಲ್ಲಾ ನೆಲದ ಮೇಲೆ ಮಲಗಿದೆ, ತೋರ್ಸು ಹೋಗಮ್ಮ. ಅದೇ ಪಾಠ."

"ಕೊಟ್ಟಿಗೆ ಮಲಗಿಲ್ವಲ್ಲ."

"ಎಮ್ಮೆ ಹತ್ರ ಬೈಸ್ಕೊಳ್ಳೋದೊಂದು ತಪ್ತು." ತಲೆಯೆತ್ತಿ ಕೇಳಿದ, "ಕೇಳಿದ್ದು ಮಕ್ಕಳೋ, ನೀನೋ?"

"ಮಕ್ಕಳೇ."

"ಹಂಗಾದ್ರೆ ಬರ್ತೀನಿ. ಗೋಡೆ ಕಟ್ಟು ಅಂತ ಮಾತ್ರ ಹೇಳ್ಬೇಡ."

ಮರುದಿನ ಅವನು ಶೆಡ್ಡಿನಲ್ಲಿ ಒಂದು ಹಲಗೆಯ ಕೆಳಗೆ ಬಿದಿರಿನ ತುಂಡುಗಳನ್ನಿಟ್ಟ. ಮೇಲೆ ಹೊಳೆಗಲ್ಲು, ಮಣ್ಣಿನಲ್ಲಿ ಮೊಣಕಾಲೆತ್ತರದ ಎರಡು ಗೋಡೆ ಎಬ್ಬಿಸಿದ. ಒಂದಕ್ಕೆ ಉದ್ದಗಲ್ಲು ಹಾಕಿದ, ಇನ್ನೊಂದಕ್ಕೆ ಇಲ್ಲ. ಆರು ತಿಂಗಳು ಸುಮ್ಮನಿದ್ದ ಆ ಕೈಗಳು ಒಂದೇ ಒಂದು ಕಲ್ಲನ್ನೂ ಎರಡು ಸಲ ತಿರುಗಿಸಿ ನೋಡಲಿಲ್ಲ. ಅದನ್ನು ನೋಡಿ ತುಲ್ಸಾಳಿಗೆ ಹೆಮ್ಮೆಯಾಯಿತು. ಇಂಥ ಕೈ ಮೂಲೆ ಸೇರುವುದುಂಟೇ?

"ಎಳೀರಿ," ಎಂದ.

ಮಕ್ಕಳು ಹಗ್ಗ ಹಿಡಿದು ಹಲಗೆಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದರು. ಉದ್ದಗಲ್ಲಿಲ್ಲದ ಗೋಡೆ ಮೊದಲು ಹೊಟ್ಟೆ ಉಬ್ಬಿಸಿತು, ಆಮೇಲೆ ಎರಡು ಸೀಳಾಗಿ ಕುಸಿಯಿತು. ಇನ್ನೊಂದು ಅಲ್ಲಾಡಿತು, ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಹೊಟ್ಟೆ ಉಬ್ಬಿದ್ದನ್ನು ಅವರಲ್ಲಿ ಕೆಲವರು ಮನೆಯಲ್ಲೇ ಕಂಡಿದ್ದರು.

ರೂಪ್ಕಲಾ ಕೇಳಿದಳು, "ಅಜ್ಜ, ನಿಮಗೆ ಇದೆಲ್ಲಾ ಗೊತ್ತಿತ್ತು. ಮತ್ತೆ ನಮ್ಮನೆಗಳಿಗೆ ಯಾಕೆ ಹಾಕ್ಲಿಲ್ಲ? ಬೇಡ ಅಂದಿದ್ದು ಯಾರು?"

ಮುದುಕ ಕೈಗೆ ಮೆತ್ತಿದ ಮಣ್ಣು ಉಜ್ಜಿಕೊಂಡ. "ಯಾರೂ ಅನ್ಲಿಲ್ಲ, ಮಗ. ತಪ್ಪು ನಂದೇ."

ತುಲ್ಸಾ ಸುಮ್ಮನಿದ್ದರೆ ಆಗುತ್ತಿತ್ತು. ಮುದುಕ ಹೊರೆಯನ್ನು ತಾನೇ ಹೊತ್ತುಕೊಂಡಿದ್ದ. ಮಕ್ಕಳ ಮುಂದೆ ಮಿಸ್ ಮಿಸ್ಸಾಗಿಯೇ ಉಳಿಯುತ್ತಿದ್ದಳು. ಆದರೆ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು.

"ಅಜ್ಜ ಸುಳ್ಳು ಹೇಳ್ತಿದಾರೆ," ಎಂದಳು. "ಬೇಡ ಅಂದಿದ್ದು ನಾನು."

ಅವಳಿಗಾಗ ಹದಿನಾಲ್ಕು ವಯಸ್ಸು. ಅಪ್ಪ ಹೊಸ ಮನೆ ಕಟ್ಟಿಸುತ್ತಿದ್ದ. ದಸರಾಕ್ಕೆ ಮುಂಚೆ ಗೋಡೆಗೆ ಕೆಮ್ಮಣ್ಣು, ಬಿಳಿಮಣ್ಣು ಬಳಿಯುವುದು ಮನೆಯ ಹೆಣ್ಣುಮಕ್ಕಳ ಪಾಲಿನ ಕೆಲಸ. ಹಳೆ ಮನೆಯ ಚಾಚುಗಲ್ಲುಗಳ ಸುತ್ತ ಬಳಿಯುವಾಗ ಪ್ರತಿವರ್ಷ ಅವಳ ಬೆರಳ ಗೆಣ್ಣುಗಳ ಚರ್ಮ ಸುಲಿಯುತ್ತಿತ್ತು. 'ಅಜ್ಜ, ನಮ್ಮ ಗೋಡೆಗೆ ಈ ಮೂಗುಗಳು ಬೇಡ, ಕನ್ನಡಿ ಥರ ಇರ್ಲಿ' ಎಂದು ಹಟ ಹಿಡಿದಿದ್ದಳು. ಹಸ್ತಬೀರ್ ಬೇಡವೆಂದ, ಅವಳು ಅತ್ತಳು, ಅವನು ಕರಗಿದ. ಊರಿನ ಹೆಂಗಸರೆಲ್ಲ ಬಂದು ಆ ನುಣುಪು ಗೋಡೆಯ ಮೇಲೆ ಕೈಯಾಡಿಸಿದರು. ಅಲ್ಲಿಂದ ಮುಂದೆ ಎಲ್ಲರಿಗೂ ಘರ್ತಿಯವರ ಮನೆಯಂಥದೇ ಗೋಡೆ ಬೇಕಾಯಿತು. ಕೊಟ್ಟಿಗೆಗೆ ಮಣ್ಣು ಬಳಿದು ಚಂದ ನೋಡುವವರು ಯಾರಿದ್ದರು? ಅಲ್ಲಿ ಮಾತ್ರ ಮೂಗುಗಳು ಉಳಿದವು.

ಇಷ್ಟನ್ನೂ ಅವಳು ಹೇಳಿದಳು. ಕೊನೆಗೆ, "ಆ ಗೋಡೆ ಕೆಳಗೇ ನಮ್ಮಮ್ಮ ಹೋದ್ಲು," ಎಂದಳು. ಮಕ್ಕಳೆದುರು ಅತ್ತಳು, ಮುಖ ಮುಚ್ಚಿಕೊಳ್ಳಲಿಲ್ಲ.

ರೂಪ್ಕಲಾ ಎದ್ದು ಬಂದು ನೀರಿನ ಬಾಟಲಿ ಕೊಟ್ಟಳು.

"ಮಿಸ್, ಬಳಿಯೋದು ನಮ್ಮನೇಲಿ ನಾನೇ. ನಂಗೆ ಗೊತ್ತಿಲ್ದೆ ಇದ್ದಿದ್ರೆ ನಾನೂ ಬೇಡ ಅಂತಿದ್ದೆ." ಆಮೇಲೆ ಹಸ್ತಬೀರನ ಕಡೆ ತಿರುಗಿದಳು. "ಅಜ್ಜ, ಇನ್ಮೇಲೆ ಯಾರಾದ್ರೂ ಅತ್ರೆ ಕರಗ್ಬೇಡಿ. ನಮ್ಮ ಹತ್ರ ಕಳ್ಸಿ, ನಾವು ಹಲಗೆ ಅಲ್ಲಾಡ್ಸಿ ತೋರಿಸ್ತೀವಿ."

ಮುದುಕ ಅವಳನ್ನೇ ನೋಡಿದ. "ನನ್ನ ಗೋಡೆ ಪರೀಕ್ಷೆ ಮಾಡೋಳು ನೀನೇನು?"

"ಹೂಂ. ನಾವೆಲ್ಲ."

"ನಿಮ್ಮ ಶಾಲೆ ಪಾಯ ಎಲ್ಲಿ, ತೋರ್ಸು ನಡಿ," ಎಂದು ಅವನು ಎದ್ದ.

ಮುಂದಿನ ವಾರವೇ ಗೋಡೆ ಏಳತೊಡಗಿತು. ಸಂಜೆ ಸಂಜೆ ಎಂಟನೇ ತರಗತಿ ಅಳತೆಯ ಹಗ್ಗ ಹಿಡಿದು ಬಂದು ಉದ್ದಗಲ್ಲು ಎಣಿಸುತ್ತಿತ್ತು. ಒಂದು ದಿನ ಉದ್ದಗಲ್ಲು ಕಡಿಮೆಯಿದೆಯೆಂದು ಹಸ್ತಬೀರನಿಂದಲೇ ಎರಡು ಸಾಲು ಬಿಚ್ಚಿಸಿದರು. ಅವನು ಗೊಣಗುತ್ತಲೇ ಬಿಚ್ಚಿದ, ಮನೆಗೆ ಹೋಗುವಾಗ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಮೀಸೆ ತಿರುವುತ್ತಾ ಹೇಳಿದ.

ಎಂಟನೇ ತರಗತಿಯ ಕೋಣೆಯ ಗೋಡೆ ಭುಜದೆತ್ತರಕ್ಕೆ ಬಂದ ದಿನ ಅವನು ತುಲ್ಸಾಳನ್ನು ಕರೆದ. ಈಗಷ್ಟೇ ಕೂರಿಸಿದ ಉದ್ದಗಲ್ಲೊಂದು ಗೇಣುದ್ದ ಹೊರಗೆ ಚಾಚಿತ್ತು. ಅವನ ಕೈಯಲ್ಲಿ ಸುತ್ತಿಗೆಯಿತ್ತು.

"ಮೂಗು ಸ್ವಲ್ಪ ಉದ್ದ ಆಯ್ತೇನಮ್ಮ? ನಿಂಗೆ ಇಷ್ಟ ಆಗಲ್ಲ ಅಲ್ವಾ, ಒಡೆದುಬಿಡ್ಲಾ?"

ತುಲ್ಸಾ ಹೆಗಲಿನ ಚೀಲ ತೆಗೆದು ಆ ಕಲ್ಲಿಗೆ ನೇತುಹಾಕಿದಳು.

"ಇದು ನಂದು," ಎಂದಳು. "ಮಿಕ್ಕಿದ್ದು ಮಕ್ಕಳಿಗೆ."