ಕಮಲಾಕ್ಷಮ್ಮನ ನಾಲಿಗೆ

ಆ ಮಾತು ಆಡಿ ಹದಿನೇಳು ದಿನವಾಗಿತ್ತು. ಅಷ್ಟೂ ದಿನ ಓಂಕಾರಮೂರ್ತಿ ತನ್ನ ಅತ್ತಿಗೆಯ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಇರುವುದು ಒಂದೇ ಮನೆ, ಉರಿಯುವುದು ಒಂದೇ ಒಲೆ. ಆದರೂ ಕಮಲಾಕ್ಷಮ್ಮ ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದರೆ ಅವನು ಹಿತ್ತಲ ಬಾಗಿಲಿಂದ ಕಳ್ಳನ ಹಾಗೆ ಹೊರಬೀಳುತ್ತಿದ್ದ. ಐವತ್ತೆರಡು ವರ್ಷದ ಗಂಡಸು, ಮೀಸೆ ನರೆತವನು.

ಕೊಂಡ್ಲಹಳ್ಳಿ ದಾಟಿ ಮೊಳಕಾಲ್ಮೂರಿನ ಕಡೆ ಸ್ವಲ್ಪ ದೂರ ಹೋದರೆ ರಸ್ತೆಯ ಎಡಕ್ಕೆ ಅವರ ವೈನರಿ. ಅದನ್ನು ಕಟ್ಟಿದವನು ಓಂಕಾರಮೂರ್ತಿಯ ಅಣ್ಣ ಏಕಾಂತಪ್ಪ. ಒಂದು ವರ್ಷ ತೋಟದ ದ್ರಾಕ್ಷಿಯನ್ನು ಕೇಳುವವರಿಲ್ಲದೆ ತಿಪ್ಪೆಗೆ ಸುರಿದ ಮೇಲೆ ಏಕಾಂತಪ್ಪ ನಾಸಿಕ್ಕಿಗೆ ಹೋಗಿ ಎರಡು ತಿಂಗಳು ಇದ್ದು, ಕೆಲಸ ಕಲಿತು ಬಂದ. ಮೊದಲ ಎರಡು ವರ್ಷ ಮಾಡಿದ್ದೆಲ್ಲ ಚರಂಡಿಗೆ ಹೋಯಿತು. ಮೂರನೆಯ ವರ್ಷ ಒಂದು ಕೆಂಪು ವೈನ್ ಕೆಡದೆ ನಿಂತಿತು. ಆಮೇಲೆ ಬಿಳಿಯದು ಬಂತು. ಕೊನೆಗೆ ಬಂದ ದಾಳಿಂಬೆ ವೈನ್ ಅವರ ಹೆಸರನ್ನು ಬೆಂಗಳೂರಿನ ತನಕ ಒಯ್ದಿತು.

ಲಿಂಗ ಕಟ್ಟಿದ ಮನೆಯವರು ಹೆಂಡ ಮಾಡುತ್ತಾರೆ ಎಂದು ನೆಂಟರು ಆಡಿಕೊಂಡರು. ಅದಕ್ಕೇ ಏಕಾಂತಪ್ಪ ಒಂದು ಕಟ್ಟು ಮಾಡಿಕೊಂಡಿದ್ದ. ಮನೆಯಲ್ಲಿ ಯಾರೂ ಕುಡಿಯಬಾರದು. ಆದರೆ ರುಚಿ ನೋಡದೆ ವೈನ್ ಆಗುವುದಿಲ್ಲವಲ್ಲ. ಹಾಗಾಗಿ ಟ್ಯಾಂಕಿನ ಮುಂದೆ ನಿಂತಾಗ ಶಿವದಾರವನ್ನು ಸರಿಸಿ, ಎದೆಯ ಮೇಲಿನ ಲಿಂಗವನ್ನು ಬೆನ್ನಿಗೆ ಮಾಡಿಕೊಳ್ಳುತ್ತಿದ್ದ. ಒಂದು ಚಮಚ ಬಾಯಲ್ಲಿಟ್ಟು, ತಿರುಗಿಸಿ, ಉಗಿಯುತ್ತಿದ್ದ. ಬಾಯಿ ಮುಕ್ಕಳಿಸಿ ಹಣೆಗೆ ವಿಭೂತಿ ಹಚ್ಚಿದ ಮೇಲೆಯೇ ಒಳಮನೆಗೆ ಕಾಲಿಡುತ್ತಿದ್ದ. ಒಮ್ಮೆ ರುಚಿಯ ಬಗ್ಗೆ ಅನುಮಾನ ಬಂದು ಹೆಂಡತಿಗೂ ಚಮಚ ಕೊಟ್ಟ. ಅವಳು ಹೇಳಿದ್ದು ಹೇಳಿದ ಹಾಗೆಯೇ ಆಯಿತು. ‘ನಿನ್ನ ನಾಲಿಗೆ ಮುಂದೆ ನಂದು ಬರೀ ತೊಗಲು ಕಣೇ’ ಎಂದು ಏಕಾಂತಪ್ಪ ಆವತ್ತಿನಿಂದ ಆ ಕೆಲಸವನ್ನು ಅವಳಿಗೇ ಬಿಟ್ಟ. ಎದೆನೋವಿನಿಂದ ಅವನು ತೀರಿಕೊಂಡು ಏಳು ವರ್ಷವಾದರೂ, ಕೆಲಸದವರು ಬರುವ ಮೊದಲೇ ಕಮಲಾಕ್ಷಮ್ಮ ಶೆಡ್ಡಿಗೆ ಹೋಗಿ ರುಚಿ ನೋಡಿ ಬರುತ್ತಿದ್ದಳು. ಇದು ಗೊತ್ತಿದ್ದದ್ದು ಓಂಕಾರಮೂರ್ತಿಗೆ, ಅವನ ಹೆಂಡತಿ ದಾಕ್ಷಾಯಿಣಿಗೆ, ಯಂತ್ರ ನೋಡಿಕೊಳ್ಳುವ ಜಿಲಾನ್ ಬಾಷಾನಿಗೆ. ಅಷ್ಟೇ.

ಹೊರಗಿನವರಿಗೆ ಹೇಳುವ ಕತೆ ಬೇರೆ ಇತ್ತು, ಅದನ್ನು ಓಂಕಾರಮೂರ್ತಿಯಷ್ಟು ಚೆನ್ನಾಗಿ ಯಾರೂ ಹೇಳುತ್ತಿರಲಿಲ್ಲ. ನೋಡಲು ಬಂದವರ ಮುಂದೆ ಎದೆಯುಬ್ಬಿಸಿ, ನಮ್ಮ ಮನೆಯಲ್ಲಿ ಇವತ್ತಿನ ತನಕ ಯಾರೂ ಒಂದು ಹನಿ ನಾಲಿಗೆಗೆ ತಾಗಿಸಿಲ್ಲ, ಎಲ್ಲವನ್ನೂ ಮೀಟರ್ ಹೇಳುತ್ತದೆ ಎನ್ನುತ್ತಿದ್ದ. ಬಂದವರು ಬೆರಗಾಗುತ್ತಿದ್ದರು.

ಹದಿನೇಳು ದಿನದ ಹಿಂದೆ ಕಮಲಾಕ್ಷಮ್ಮ ದಾಳಿಂಬೆ ಟ್ಯಾಂಕಿನ ರುಚಿ ನೋಡಿ, ಇದು ಕೆಡುವ ದಾರಿ ಹಿಡಿದಿದೆ, ಬಾಟಲಿಗೆ ತುಂಬಬೇಡ ಎಂದಳು. ಮೀಟರ್ ಸರಿಯಾಗಿಯೇ ತೋರಿಸುತ್ತಿತ್ತು. ಮೂಸಿದರೆ ಹಣ್ಣಿನ ವಾಸನೆ. ಅಂಗಡಿಯವರಿಗೆ ಅವನು ಮಾತು ಕೊಟ್ಟಾಗಿತ್ತು, ಲಾರಿ ಬರುವುದಿತ್ತು. ಅವಳು ಎರಡನೆಯ ಸಲ ಬೇಡ ಎಂದಾಗ ಅವನ ತಲೆ ಕೆಟ್ಟಿತು. ಜಿಲಾನ್ ಬಾಷಾ ಪಕ್ಕದಲ್ಲಿ ಪಂಪು ಬಿಚ್ಚುತ್ತಿದ್ದಾನೆ ಎಂಬುದನ್ನೂ ನೋಡದೆ ಒದರಿದ.

‘ದಿನಾ ಬಾಯಿಗೆ ಇಟ್ಟೂ ಇಟ್ಟೂ ಚಟ ಹತ್ತೈತೆ ನಿಂಗೆ. ಗಂಡ ಸತ್ತೋಳಿಗೆ ಇದೊಂದು ನೆಪ ಸಿಕ್ತು.’

ಅವಳು ಮದುವೆಯಾಗಿ ಬಂದಾಗಿನಿಂದ ಅತ್ತಿಗೆಯನ್ನು ಅವನು ನೀವು ಎಂದೇ ಕರೆದವನು. ಆವತ್ತು ‘ನಿಂಗೆ’ ಎಂದಿದ್ದ. ಜಿಲಾನ್ ಬಾಷಾ ಪಾನಾ ಕೆಳಗಿಟ್ಟು ತಲೆ ತಗ್ಗಿಸಿ ಹೊರಗೆ ಹೋದ. ಕಮಲಾಕ್ಷಮ್ಮ ಚಮಚ ತೊಳೆದು ಮೊಳೆಗೆ ಸಿಕ್ಕಿಸಿ ಮನೆಗೆ ನಡೆದಳು. ಮತ್ತೆ ಶೆಡ್ಡಿಗೆ ಬರಲಿಲ್ಲ.

ಅವನು ಹಟಕ್ಕೆ ಬಾಟಲಿ ತುಂಬಿಸಿದ. ಹತ್ತು ದಿನದೊಳಗೆ ಅಂಗಡಿಗಳಿಂದ ಫೋನು ಬರತೊಡಗಿತು. ವೈನ್ ಹುಳಿ ಹೊಡೆಯುತ್ತಿತ್ತು. ಪೆಟ್ಟಿಗೆಗಳು ಬಂದ ದಾರಿಯಲ್ಲೇ ವಾಪಸಾದವು. ಆ ನಷ್ಟ ಅವನನ್ನು ಅಷ್ಟು ಕಾಡಲಿಲ್ಲ. ಊಟಕ್ಕೆ ಕೂತರೆ ತಾನಾಡಿದ ಮಾತು ನೆನಪಾಗಿ ಅರ್ಧಕ್ಕೇ ತಟ್ಟೆ ಸರಿಸಿ ಏಳುತ್ತಿದ್ದ. ತಪ್ಪಾಯ್ತು ಅನ್ನುವುದಕ್ಕೆ ಬಾಯಿ ಬರಲಿಲ್ಲ. ದಾಕ್ಷಾಯಿಣಿಯನ್ನು ಕಳಿಸಿ, ಪೀಪಾಯಿಯಲ್ಲಿರುವ ಕೆಂಪು ವೈನ್ ಒಮ್ಮೆ ನೋಡಬೇಕಂತೆ ಎಂದು ಕೇಳಿಸಿದ. ‘ನಂಗೆ ಚಟ ಬಿಟ್ಟೈತೆ ಅಂತ ಹೇಳು’ ಎಂದು ಅತ್ತಿಗೆ ಹೇಳಿಕಳಿಸಿದಳು.

ಹದಿನೆಂಟನೆಯ ದಿನ ಚಳ್ಳಕೆರೆಯ ಸಂಗಮೇಶ್ ಬಂದ. ದೂರದ ನೆಂಟ, ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕ, ಸಮಾಜದ ಸಭೆಗಳಲ್ಲಿ ಮುಂದಿನ ಸಾಲಿನವನು. ಜೊತೆಗೆ ಬೆಂಗಳೂರಿನ ಹೋಟೆಲಿನವರು ಇಬ್ಬರಿದ್ದರು, ಕೆಂಪು ವೈನ್ ಕೊಳ್ಳುವ ಮನಸ್ಸಿನವರು. ಅವರಲ್ಲೊಬ್ಬ, ನಿಮ್ಮ ದಾಳಿಂಬೆಯದು ಕೆಟ್ಟಿತಂತೆ, ಮೀಟರ್ ಇದ್ದೂ ಹೀಗೇಕಾಯಿತು ಎಂದು ಕೇಳಿದ. ಓಂಕಾರಮೂರ್ತಿ ತಡವರಿಸುವಷ್ಟರಲ್ಲಿ ಸಂಗಮೇಶ್ ನಕ್ಕ.

‘ಮಿಷಿನ್ ಸಾಬ್ರ ಕೈಯಾಗ್ ಐತಲ್ಲ. ಏನೋ ಎಡವಟ್ಟು ಮಾಡಿರ್ತಾನೆ.’

ಜಿಲಾನ್ ಬಾಷಾ ಅಲ್ಲೇ ನಿಂತಿದ್ದ. ಅಣ್ಣನ ಕಾಲದಿಂದ ಇದ್ದವನು. ಅವನು ಅಲ್ಲ ಎನ್ನಲಿಲ್ಲ, ನಿಜವನ್ನೂ ಹೇಳಲಿಲ್ಲ. ಆ ಮನೆಯ ಹೆಂಗಸಿನ ಮಾನಕ್ಕಾಗಿ ತಪ್ಪನ್ನು ತಲೆಯ ಮೇಲೆ ಹಾಕಿಕೊಳ್ಳಲು ಸಿದ್ಧನಾಗಿ ನೆಲ ನೋಡುತ್ತಿದ್ದ. ಓಂಕಾರಮೂರ್ತಿಗೆ ಅದನ್ನು ಮಾತ್ರ ತಡೆಯಲಾಗಲಿಲ್ಲ.

‘ಬಾಷಾಂದು ತಪ್ಪಿಲ್ಲ’ ಎಂದ. ‘ಇಲ್ಲಿ ರುಚಿ ನೋಡೋದು ನಮ್ಮ ಅತ್ತಿಗೆ. ತುಂಬಬೇಡ ಅಂದ್ರು. ನಾನೇ ಅವ್ರಿಗೆ ಆಡಬಾರದ್ದು ಆಡಿ ತುಂಬಿಸ್ದೆ.’

‘ಕಮಲಕ್ಕ ಬಾಯಿಗೆ ಇಟ್ಕಂತಾಳಾ ಇದನ್ನ?’ ಸಂಗಮೇಶನ ನಗು ನಿಂತುಹೋಯಿತು.

ಓಂಕಾರಮೂರ್ತಿಗೆ ಎದೆ ಹಗುರಾದಂತಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ಕಮಲಾಕ್ಷಮ್ಮ ನಿಂತಿದ್ದಳು. ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದದ್ದನ್ನು ಅವನು ಚಳ್ಳಕೆರೆಗೇ ಹಂಚಿಬಿಟ್ಟಿದ್ದ.

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಪೀಪಾಯಿಯಿಂದ ಸ್ವಲ್ಪ ತೆಗೆಯಲು ಬಾಷಾನಿಗೆ ಹೇಳಿದಳು. ಎಲ್ಲರೂ ನೋಡುತ್ತಿದ್ದಂತೆ ಸೆರಗಿನೊಳಗೆ ಕೈ ಹಾಕಿ ಶಿವದಾರ ಸರಿಸಿದಳು, ಬಾಯಿಗಿಟ್ಟಳು, ಕಣ್ಣು ಮುಚ್ಚಿದಳು. ಉಗಿಯಲು ಪಾತ್ರೆ ಕಾಣದೆ ಅತ್ತಿತ್ತ ನೋಡಿದಾಗ ಓಂಕಾರಮೂರ್ತಿ ಓಡಿಹೋಗಿ ಬಕೆಟ್ ತಂದು ಅವಳ ಮುಂದೆ ಹಿಡಿದ.

‘ಇನ್ನೂ ಒಗರು ಐತೆ. ಸಂಕ್ರಾಂತಿ ಕಳೀಲಿ, ಆಮೇಲೆ ಕೊಡ್ತೀವಿ’ ಎಂದು ಅವಳು ಹೋಟೆಲಿನವರಿಗೆ ಹೇಳಿದಳು. ಅವರು ಒಪ್ಪಿದರು. ಸಂಗಮೇಶ್ ಮಜ್ಜಿಗೆ ಮುಟ್ಟದೆ ಎದ್ದುಹೋದ.

ಕಾರು ಹೋದ ಮೇಲೆ ಓಂಕಾರಮೂರ್ತಿ ಬಕೆಟ್ ಹಿಡಿದುಕೊಂಡೇ, ‘ಅತ್ತಿಗ್ಯಮ್ಮ, ನನ್ನಿಂದ ತಪ್ಪಾಯ್ತು’ ಎಂದ.

‘ಹದಿನೇಳು ದಿನ ನಾನು ಒಳಗೇ ಇದ್ದೆ. ನನ್ನ ಹತ್ರ ಬಂದು ಹೇಳ್ಲಿಲ್ಲ. ಇವತ್ತು ಅವರ ಮುಂದೆ ಹೇಳಿ ನಿನ್ನ ಹೊರೆ ಇಳಿಸ್ಕೊಂಡೆ. ಅದನ್ನೀಗ ನಾನು ಹೊರಬೇಕು.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ‘ಆಗಿದ್ದಾಯ್ತು. ಇನ್ಮೇಲೆ ಬಂದೋರಿಗೆ ಸುಳ್ಳು ಹೇಳ್ಬೇಡ. ನಾನು ನೋಡ್ತೀನಿ ಅಂತಾನೂ ಹೇಳು, ನೀನು ಏನಂದೆ ಅಂತಾನೂ ಹೇಳು. ಅರ್ಧ ಹೇಳಿದ್ರೆ ಜನ ನನ್ನನ್ನೇ ಆಡ್ಕಂತಾರೆ.’

ಮುಂದಿನ ಭಾನುವಾರ ಒಂದು ವ್ಯಾನಿನ ತುಂಬ ಜನ ಬಂದರು. ಓಂಕಾರಮೂರ್ತಿ ಟ್ಯಾಂಕಿನ ಮುಂದೆ ನಿಂತು, ಇದನ್ನು ಕಟ್ಟಿದವನು ನಮ್ಮಣ್ಣ, ರುಚಿ ನೋಡುವವರು ನಮ್ಮ ಅತ್ತಿಗೆ ಎಂದು ಶುರು ಮಾಡಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು, ಕೈ ಮುಷ್ಟಿಯಾಯಿತು. ಆ ನಗು ತನ್ನಿಂದಲೇ ಬಂದದ್ದು ಎಂದು ನೆನಪಾಗಿ ಮುಷ್ಟಿ ಬಿಚ್ಚಿದ. ದಾಳಿಂಬೆ ಟ್ಯಾಂಕಿನ ಹತ್ತಿರ ಬಂದಾಗ, ತಾನಾಡಿದ ಮಾತನ್ನು ಒಂದಕ್ಷರ ಬಿಡದೆ, ನೆಲ ನೋಡಿಕೊಂಡು ಹೇಳಿದ.