ಮುರಿಗೆಪ್ಪನ ಬ್ಯಾಟರಿ, ನನ್ನ ಧೋತರ

ಮುಂಬಯಿ ಪರೇಲಿನ ಮುರಿಗೆಪ್ಪ ನನಗೆ ಇವತ್ತಿಗೂ ಒಂದು ಧೋತರ ಬಾಕಿ. ಕೇಳಿದಾಗಲೆಲ್ಲ "ಸುಟ್ಟಾಕಿ ನನ್ನ ತಂಗಿ, ಆಕೀನ್ನ ಕೇಳ್ರಿ" ಎಂದು ಜಾರಿಕೊಳ್ಳುತ್ತಿದ್ದ. ತಂಗಿ ದಾನವ್ವನೋ, "ಉಗುಳಿದ್ದು ಅಣ್ಣನ ಬ್ಯಾಟರಿ ಡಬ್ಬಿ" ಎನ್ನುತ್ತಿದ್ದಳು.

ಬರಿಗೈಯಲ್ಲಿದ್ದರೂ ಭಾರದ ಬ್ಯಾಟರಿಯೊಂದನ್ನು ಎತ್ತಿಕೊಂಡವನಂತೆ ತೋಳುಗಳನ್ನು ಮೈಯಿಂದ ದೂರ ಹಿಡಿದು, ಮೊಣಕಾಲು ತುಸು ಬಗ್ಗಿಸಿ ನಡೆಯುವುದು ಮುರಿಗೆಪ್ಪನ ರೂಢಿ. ವಿಜಾಪುರದ ಕಡೆಯಿಂದ ಬಂದು ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಈ ಪುಣ್ಯಾತ್ಮನ ಖಾಕಿ ಕೋಟು ಆ್ಯಸಿಡ್ ಹನಿಗಳಿಂದ ಜರಡಿಯಾಗಿತ್ತು; ಅದರ ತೂತುಗಳಲ್ಲಿ ಬೆರಳಾಡಿಸದೆ ಅವನಿಗೆ ಮಾತು ಹೊರಡುತ್ತಿರಲಿಲ್ಲ. ಲಾರಿ ಗ್ಯಾರೇಜಿನವರು ಸತ್ತಿತೆಂದು ಎಸೆದ ಬ್ಯಾಟರಿಗಳನ್ನು ಚಾಳಿನ ಗ್ಯಾಲರಿಗೆ ಹೊತ್ತು ತಂದು, ಮುಚ್ಚಳ ಬಿಚ್ಚಿ, ಬಿಳಿ ಹಿಡಿದ ಸೀಸದ ಹಲಗೆಗಳನ್ನು ಇಣುಕಿ ನೋಡಿ, "ಸತ್ತಿಲ್ರೀ, ಹಸಕೊಂಡು ಬಿದ್ದೈತಿ" ಎಂದು ತೀರ್ಪು ಕೊಟ್ಟು, ಬಟ್ಟಿ ಇಳಿಸಿದ ನೀರು ತುಂಬಿ, ಬಾಣಂತಿಗೆ ಗಂಜಿ ಕುಡಿಸುವ ತಾಳ್ಮೆಯಿಂದ ದಿನಗಟ್ಟಲೆ ಸಣ್ಣ ಕರೆಂಟು ಹರಿಸುತ್ತಿದ್ದ. ಹೊಸ ಆ್ಯಸಿಡ್ ಬೆರೆಸುವಾಗ ಅವನದೊಂದೇ ಮಂತ್ರ: "ಆ್ಯಸಿಡ್ ಸೊಸಿ ಹಂಗ ನಿಧಾನಕ್ಕ ನೀರಿನ ಮನಿಗೆ ಬರಬೇಕು. ನೀರು ಅತ್ತಿ ಹಂಗ ಆಕಿ ಮ್ಯಾಲೆ ಬಿತ್ತೋ, ಮಾರಿಗೇ ಸಿಡೀತದ." ಚಾರ್ಜಿಗಿಟ್ಟ ಬ್ಯಾಟರಿಯಿಂದ ಏಳುವ ಅನಿಲ ಸಿಡಿಯಲು ಒಂದು ಕಿಡಿ ಸಾಕೆಂದು, ಊರಿನಿಂದ ಬಂದ ಮಾವನ ಬಾಯಿಂದಲೇ ಬೀಡಿ ಕಿತ್ತೆಸೆದವನು ಅವನು.

ಆ ವರ್ಷ ಗಿರಣಿಯವರು ನೂಲು ಸುತ್ತುವ ಖಾತೆಯ ಹೆಂಗಸರನ್ನು ಹೊರದಬ್ಬಿದ್ದರು, ದಾನವ್ವನೂ ಅವರಲ್ಲೊಬ್ಬಳು. ದಸರೆ ರಜೆ ಮುಗಿದ ಬೆಳಗ್ಗೆ, ಪಾಳಿಯವರು ಒಳಹೋಗುವ ಮುನ್ನ, ಗೇಟಿನಲ್ಲಿ ಸಭೆ. ಭಾಷಣಕಾರ, ಯೂನಿಯನ್ ಲೀಡರಾದ ನಾನು. ಬಾಡಿಗೆ ಮೈಕಿನವನು ಮಾಲೀಕರಿಗೆ ಹೆದರಿ ಕೈಯೆತ್ತಿದ್ದ. ಯೂನಿಯನ್ನಿನ ಮುದಿ ಮೈಕಿಗೆ ಮುರಿಗೆಪ್ಪನ ಬ್ಯಾಟರಿಯೇ ಗತಿ. ಅದು ಕೂಗದಿದ್ದರೆ ಟ್ರಾಮಿನ ಗದ್ದಲದಲ್ಲಿ ಆ ಹೆಂಗಸರ ಅನ್ನ ಮುಳುಗಿದಂತೆಯೇ.

ಹಿಂದಿನ ದಿನ ಮುರಿಗೆಪ್ಪ ನಳಕ್ಕೆ ಸ್ನಾನಕ್ಕೆ ಹೋಗಿದ್ದ. ಅವರ ಕಡೆ ದಸರೆಯೆಂದರೆ ಕುಡಗೋಲಿನಿಂದ ತಕ್ಕಡಿಯವರೆಗೆ ದುಡಿಯುವ ವಸ್ತುವಿಗೆಲ್ಲ ಪೂಜೆ. ನಾಳೆ ತನಗಾಗಿ ಕೂಗಬೇಕಾದ ಬ್ಯಾಟರಿಯನ್ನು ದಾನವ್ವ ಬಿಡುವಳೇ? ಬಾಯ್ದೆರೆದು ಚಾರ್ಜಾಗುತ್ತಿದ್ದ ಅದಕ್ಕೆ ಮೂರು ಬೆರಳ ವಿಭೂತಿ ಎಳೆದು, ಚೆಂಡುಹೂ ಏರಿಸಿ, ಕರ್ಪೂರದಾರತಿಯನ್ನು ಭಕ್ತಿಯಿಂದ ಹತ್ತಿರಕ್ಕೊಯ್ದಳು.

ಢಂ!

ಚೆಂಡುಹೂ ತೊಲೆಗೆ ಹಾರಿತು. ಆರತಿ ತಟ್ಟೆಯೇ ಗುರಾಣಿಯಾಗಿ ದಾನವ್ವ ಬಚಾವಾದಳು; ಸಿಡಿದ ಆ್ಯಸಿಡ್ಡೆಲ್ಲ ಬ್ಯಾಟರಿ ವಿಚಾರಿಸಲು ಬಂದು ಪಕ್ಕದಲ್ಲಿ ಭಾಷಣ ಉರುಹೊಡೆಯುತ್ತಿದ್ದ ನನ್ನ ಧೋತರಕ್ಕೆ. ಒದ್ದೆ ಮೈಯಲ್ಲೇ ಓಡಿಬಂದ ಮುರಿಗೆಪ್ಪ ಸ್ವಿಚ್ಚು ಆರಿಸಿ, ನನ್ನ ತಲೆಯಿಂದ ಕಾಲಿನವರೆಗೆ ಕೊಡಗಟ್ಟಲೆ ನೀರು ಸುರಿದು, ನೆಲದ ಆ್ಯಸಿಡ್ ಸಾಯಲೆಂದು ಸೋಡಾ ಪುಡಿ ಚೆಲ್ಲಿ, ತಂಗಿಯತ್ತ ತಿರುಗಿದ.

"ನಾಳಿ ನನ್ನ ಸಲುವಾಗಿ ಕೂಗಲಿ ಅಂತ ಬೇಡಕೊಂಡ್ನೋ ಯಣ್ಣಾ!"

"ಬೇಡಕೊಂಡಿದ್ದು ಜೋರಾತು. ಒಂದಿನಾ ಮೊದಲ ಕೂಗೇತಿ."

ಬ್ಯಾಟರಿಯ ಆರು ಕೋಣೆಗಳಲ್ಲಿ ಒಂದು ಒಡೆದಿತ್ತು. ಅದನ್ನು ಬಿಟ್ಟು ಆಚೀಚಿನವಕ್ಕೆ ಸೀಸದ ಪಟ್ಟಿ ಬೆಸೆದು, ಉಳಿದ ಐದನ್ನೇ ಸಜ್ಜುಗೊಳಿಸಿದ.

ಮರುದಿನ ಮೈಕು ನೆಗಡಿ ಹಿಡಿದವರಂತೆ ಗೊಗ್ಗರುಗುಟ್ಟುತ್ತಲೇ ಹೊರಟಿತು. ನಾನು ತೂತುಬಿದ್ದ ಧೋತರದಲ್ಲೇ ನಿಂತು, ಜಗತ್ತಿನ ದುಡಿಮೆಗಾರರ ಚರಿತ್ರೆಯನ್ನು ಇನ್ನೂ ಅರ್ಧಕ್ಕೂ ತಂದಿರಲಿಲ್ಲ, ಮುರಿಗೆಪ್ಪ ಧೋತರದ ಉಳಿದಿದ್ದ ಅಂಚನ್ನೂ ಹಿಡಿದೆಳೆದ: "ಲೀಡರ್ ಸಾಹೇಬ್ರ, ಸಾಕ್ರಿ. ಇದರ ಉಸಿರು ಮುಗ್ಯಾಕ ಬಂತು. ಕೆಲಸ ಹೋದಾಕಿ ಮಾತಾಡ್ಲಿ."

ದಾನವ್ವ ಮೈಕನ್ನು ಒನಕೆಯಂತೆ ಹಿಡಿದಳು. "ಅಣ್ಣಗೋಳ್ರ್ಯಾ, ನಾವು ಹೊರಗ ನಿಂತೀವಿ. ನಮ್ಮನ್ನ ದಾಟಿ ನೀವು ಹೆಂಗ ಒಳಗ ಹೋಗ್ತೀರಿ, ನೋಡೇಬಿಡ್ತೀನಿ!"

ಅಷ್ಟು ಹೇಳಿಸಿ ಬ್ಯಾಟರಿ ಪ್ರಾಣಬಿಟ್ಟಿತು. ಒಬ್ಬನೂ ಒಳಗೆ ಹೋಗಲಿಲ್ಲ. ಮಾಲೀಕರು ಬಗ್ಗಿದರು; ಸಂಜೆಯೊಳಗೆ ಆ ಹೆಂಗಸರೆಲ್ಲ ಖಾತೆಗೆ ಮರಳಿದರು.

ಚಳವಳಿಗಳಲ್ಲಿ ನನ್ನಂಥ ಗಂಟಲುಗಳಿಗೆ ಎಂದೂ ಬರವಿಲ್ಲ. ಹಾರವೂ ನಮಗೇ, ಫೋಟೋವೂ ನಮ್ಮದೇ. ಆದರೆ ಮೂಲೆಗೆಸೆದದ್ದನ್ನು ಸತ್ತಿತೆಂದು ಒಪ್ಪದೆ, ಅವಸರಪಡದೆ, ಹನಿಹನಿಯಾಗಿ ಜೀವ ತುಂಬುವವರು ವೇದಿಕೆಯ ಬೆನ್ನಿಗೇ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಚಪ್ಪಾಳೆಯ ಸದ್ದಿಗೆ ತಲೆಯೆತ್ತುವಷ್ಟು ಪುರಸೊತ್ತೂ ಅವರಿಗಿರುವುದಿಲ್ಲ. ಓದುಗರೇ, ಮುಂದಿನ ಸಭೆಯಲ್ಲಿ ನನಗೆ ಚಪ್ಪಾಳೆ ತಟ್ಟುವ ಮೊದಲು ಎದ್ದು ಹಿಂದೆ ಹೋಗಿ, ಆ ತೂತು ಕೋಟಿನವನ ಹೆಸರು ಕೇಳಿಕೊಂಡು ಬನ್ನಿ. ಬೀಡಿ ಮಾತ್ರ ಇಲ್ಲೇ ಆರಿಸಿ ಹೋಗಿ.