ಬಾಗಿಲಲ್ಲಿ ಕೊಡುವ ಚೀಲ

ರಿಟರ್ನ್ ಗಿಫ್ಟ್ ಎಂಬುದನ್ನು ಶುರುಮಾಡಿದ ಪುಣ್ಯಾತ್ಮರು ಯಾರೋ ಏನೋ, ನನ್ನ ಕೈಗೆ ಸಿಕ್ಕರೆ ಒಂದು ಮಾತು ಕೇಳದೆ ಬಿಡುವುದಿಲ್ಲ. ಅಲ್ಲ ಸ್ವಾಮಿ, ಮಕ್ಕಳು ಹುಟ್ಟುಹಬ್ಬಕ್ಕೆ ಬರುತ್ತಾರೆ, ಕುಣಿಯುತ್ತಾರೆ, ಕೇಕ್ ತಿನ್ನುತ್ತಾರೆ, ಸೋಫಾದ ಮೇಲೆ ಜ್ಯೂಸ್ ಚೆಲ್ಲುತ್ತಾರೆ. ಇಷ್ಟೂ ಸಾಲದೆಂದು ಹೋಗುವಾಗ ಬಾಗಿಲಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ಚೀಲ ಕೊಟ್ಟು ಕಳಿಸಬೇಕೆ? ಆ ಚೀಲದಲ್ಲಿ ಏನಿರುತ್ತದೆಂದು ನನ್ನನ್ನು ಕೇಳಿ. ಊದಿದರೆ ಸದ್ದೇ ಬಾರದ ಪೀಪಿ, ಕೆತ್ತಿದಷ್ಟೂ ಮುರಿಯುವ ಪೆನ್ಸಿಲ್, ಮನೆ ಮುಟ್ಟುವುದರೊಳಗೆ ಚಕ್ರ ಕಳಚಿಕೊಳ್ಳುವ ಕಾರು. ಮಾರನೆಯ ದಿನ ಕಸ ಗುಡಿಸುವವಳು ನಾನು.

ಅದಕ್ಕೇ ಈ ಸಲ ಮಗಳ ಎಂಟನೆಯ ಹುಟ್ಟುಹಬ್ಬಕ್ಕೆ ಕಡ್ಡಿ ಮುರಿದಂತೆ ಹೇಳಿಬಿಟ್ಟೆ. “ಆಟ ಆಡಿಸ್ತೀನಿ, ಹೊಟ್ಟೆ ತುಂಬ ತಿನ್ನಿಸ್ತೀನಿ, ನಗಿಸಿ ನಗಿಸಿ ಸುಸ್ತು ಮಾಡ್ತೀನಿ. ಚೀಲ ಗೀಲ ಮಾತ್ರ ಇಲ್ಲ.”

ನಾನು ಹೇಳಿದ ಮೇಲೆ ಮುಗಿಯಿತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಯಾವ ಕಡೆ, ಎಷ್ಟು ಹೊತ್ತಿಗೆ ಎಂದು ಕೂಗುವುದು ನನ್ನ ಕೆಲಸ. ನಾನು ಬಾಯಿ ತೆರೆದರೆ ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಿದ್ದವರೂ ಎದ್ದು ಗಂಟುಮೂಟೆ ಎತ್ತಿಕೊಳ್ಳುತ್ತಾರೆ. ಮನೆಯಲ್ಲೂ ಅದೇ ಗಂಟಲು. “ನಿನ್ನ ಮೈಕ್ ಆಫ್ ಮಾಡೋ ಸ್ವಿಚ್ ಎಲ್ಲಿದೆಯೇ, ಮಾರಾಯ್ತಿ?” ಎಂದು ನನ್ನ ಗಂಡ ಆಗಾಗ ಹುಡುಕುವ ನಾಟಕ ಮಾಡುತ್ತಾರೆ. ಸ್ವಿಚ್ ಇಟ್ಟು ಹುಟ್ಟಿಸಿದ್ದರೆ ತಾನೆ ಸಿಗುವುದು!

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಗುಬ್ಬಿ. ಅವಳಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರ ತುಟಿಯ ಹತ್ತಿರ ಬಂದು ನಿಂತುಬಿಡುತ್ತದೆ, ಗಲ್ಲ ಅದುರುತ್ತದೆ, ಕಣ್ಣು ಬಿಗಿಯುತ್ತದೆ, ಆಮೇಲೆ ಉಳಿದದ್ದೆಲ್ಲ ಒಟ್ಟಿಗೆ ಬರುತ್ತದೆ. ಹೆದರುವಂಥದ್ದೇನಿಲ್ಲ, ಅವಳ ಪಾಡಿಗೆ ಅವಳನ್ನು ಬಿಡಿ ಎಂದಿದ್ದರು ಡಾಕ್ಟರು. ಆದರೆ ಹಳೆಯ ಶಾಲೆಯ ಮಕ್ಕಳು ಬಿಡಲಿಲ್ಲ. ಅವಳಂತೆಯೇ ಗಲ್ಲ ಅದುರಿಸಿ ಅಣಕಿಸಿದರು. ಇವಳು ಶಾಲೆಯಲ್ಲಿ ತುಟಿ ಪಿಟಕ್ಕೆನ್ನುವುದನ್ನೇ ಬಿಟ್ಟಳು. ಈ ವರ್ಷ ಶಾಲೆ ಬದಲಾಯಿಸಿದೆವು. ಹೊಸ ಶಾಲೆಯ ಮಕ್ಕಳು ನಮ್ಮ ಮನೆಗೆ ಬರುವುದು ಇದೇ ಮೊದಲು. ಅವರಲ್ಲಿ ಒಬ್ಬರು ನಕ್ಕರೂ ಗುಬ್ಬಿ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂಬ ಭಯ ನಮಗೆಲ್ಲರಿಗೂ ಇತ್ತು. ಹಗಲೂ ರಾತ್ರಿ ನನ್ನನ್ನು ಕೊರೆಯುತ್ತಿದ್ದದ್ದು ಅದೊಂದೇ.

ಅಂಥದ್ದರಲ್ಲಿ ಇವಳದ್ದು ಚೀಲದ ಹಟ.

“ಅಮ್ಮ, ಚೀಲ ಬೇ... ಬೇ...”

“ಬೇಕಾ? ಬೇಡ ಕಂದ.”

“ಎ... ಎ...”

“ಎಲ್ಲರೂ ಕೊಡ್ತಾರೆ ಅಂತ ತಾನೆ? ಕೊಡ್ಲಿ ಬಿಡು. ನಾವು ಎಲ್ಲರ ಥರ ಅಲ್ಲ.”

ನನ್ನ ರೀತಿಯೇ ಅದು. ಬಸ್ಸು ಹೊರಡುವುದರೊಳಗೆ ಮಾತು ಮುಗಿಯಬೇಕು, ಅರ್ಧಕ್ಕೆ ನಿಂತ ಮಾತು ಕೇಳಿದರೆ ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತದೆ. ಪಾಪ, ಮಗು ಒದ್ದಾಡುವುದು ಬೇಡವೆಂದು ಅವಳ ಮಾತನ್ನು ನಾನೇ ದಡ ಮುಟ್ಟಿಸುತ್ತಿದ್ದೆ. ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ಇನ್ನೇನು, ನಾಲ್ಕು ದಿನಕ್ಕೆ ಮರೆಯುತ್ತಾಳೆ ಎಂದುಕೊಂಡೆ.

ಹುಟ್ಟುಹಬ್ಬದ ದಿನ, ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಹೋದರೆ ನಮ್ಮತ್ತೆ ಮೇಜಿನ ತುಂಬ ಪುಟ್ಟ ಪುಟ್ಟ ಬಟ್ಟೆಯ ಚೀಲ ಹರಡಿಕೊಂಡು ಕೂತಿದ್ದಾರೆ! ಹಳೆಯ ಪರದೆ ಕತ್ತರಿಸಿ ಹೊಲಿದದ್ದು. ಒಂದೊಂದರಲ್ಲೂ ಒಂದು ರಬ್ಬರ್ ಚೆಂಡು, ನಾಲ್ಕು ಬಿಸ್ಕತ್ತು. ನನ್ನ ಪಿತ್ತ ನೆತ್ತಿಗೇರಿತು.

“ಏನತ್ತೆ ಇದು? ಬೇಡ ಅಂತ ಅಷ್ಟು ಹೇಳಿದ್ನಲ್ಲ! ಈ ಮನೇಲಿ ನನ್ನ ಮಾತಿಗೆ ಬೆಲೆ ಇದೆಯೋ ಇಲ್ವೋ?”

ಅತ್ತೆ ತಲೆ ಎತ್ತಲಿಲ್ಲ. ಚೀಲದ ದಾರ ಎಳೆದು ಗಂಟು ಹಾಕಿದರು. “ನೀನು ಹೇಳಿದ್ದು ಮೂರು ಬೀದಿಗೂ ಕೇಳಿಸ್ತು ಕಣಮ್ಮ. ಅವಳು ಹೇಳಿದ್ದು ಕೇಳಿದ್ಯಾ?”

“ಕೇಳದೆ ಏನು? ಎಲ್ಲರೂ ಕೊಡ್ತಾರೆ, ನಂಗೂ ಬೇಕು ಅಂತ ಹಟ.”

“ಅದು ನೀನೇ ಹೇಳ್ಕೊಂಡಿದ್ದು. ಹೊರಡೋವಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಏನಾದ್ರೂ ಹೇಳ್ಬೇಕಲ್ಲ, ಆಗ ಬಾಯಿ ಕಟ್ಟಿದ್ರೆ ಎಲ್ಲರೂ ನೋಡ್ತಾರಲ್ಲ ಅಂತ ಆ ಮಗು ಸರಿಯಾಗಿ ಊಟ ಮಾಡೋದೇ ಬಿಟ್ಟಿದೆ. ಕೈಗೊಂದು ಚೀಲ ಇಟ್ರೆ ಮಕ್ಕಳು ಅದರೊಳಗೆ ಮುಖ ತೂರಿಸ್ತಾರೆ. ಇವಳ ಮುಖ ಯಾರೂ ನೋಡಲ್ಲ. ಅದಕ್ಕೆ ಬೇಕಂತೆ ಚೀಲ.”

ನನ್ನ ಮಗಳು ಇಷ್ಟು ಯೋಚನೆ ಮಾಡಿ ಒಂದು ದಾರಿ ಹುಡುಕಿಕೊಂಡಿದ್ದಳು, ನಾನು ಅದನ್ನು ಆಸೆಬುರುಕತನ ಎಂದುಕೊಂಡಿದ್ದೆ. ಅಳು ಬಂತು. ಆದರೆ ನಾನು ಅಳುತ್ತಾ ಕೂರುವ ಪೈಕಿಯಲ್ಲ. ಎರಡೇ ನಿಮಿಷದಲ್ಲಿ ನನಗೆ ಉಪಾಯ ಹೊಳೆಯಿತು. ಗಂಟಲೇ ಬಂಡವಾಳವಾದವಳಿಗೆ ಬೇರೇನು ಹೊಳೆಯಲು ಸಾಧ್ಯ?

ಗುಬ್ಬಿ ನಡುಮನೆಯಲ್ಲಿ ಅಪ್ಪನ ಜೊತೆ ಬಲೂನು ಕಟ್ಟುತ್ತಿದ್ದಳು. “ಲೇ ಗುಬ್ಬಿ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡಿದ್ಯಾ? ಅಮ್ಮ ಯಾಕಿರೋದು? ಬಾಗಿಲಲ್ಲಿ ನಿನ್ನ ಪಕ್ಕ ನಾನೇ ನಿಂತ್ಕೋತೀನಿ. ಎಲ್ಲರನ್ನೂ ನಿಲ್ದಾಣದ ಥರ ಹೆಸರು ಕೂಗಿ, ಥ್ಯಾಂಕ್ಸ್ ಹೇಳಿ ಕಳಿಸ್ತೀನಿ. ನಕ್ಕು ನಕ್ಕು ಬೀಳ್ತಾರೆ ನೋಡು. ನೀನು ಬಾಯೇ ತೆಗೀಬೇಡ!”

ಅವಳ ಕೈಯಲ್ಲಿದ್ದ ಬಲೂನು ಪುಸ್ಸೆಂದು ಇಳಿಯಿತು. ಸಿಟ್ಟು ಬಂದಾಗ ಅವಳಿಗೆ ಮಾತು ತಡೆಯುವುದಿಲ್ಲ.

“ನೀನು ಮಾತಾಡಿದ್ರೆ ಅವರು ನಿನ್ನ ಫ್ರೆಂಡ್ಸ್ ಆಗ್ತಾರೆ.”

ಗಂಡ ನನ್ನ ಮುಖ ನೋಡಿದರು. ತಮಾಷೆ ಮಾಡಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತೆಯ ಎದುರು ಕೂತು ಉಳಿದ ಚೀಲಗಳಿಗೆ ಬಿಸ್ಕತ್ತು ತುಂಬಿಸಿದೆ. ಅತ್ತೆ ಒಂದು ಮಾತೂ ಆಡಲಿಲ್ಲ. ದೊಡ್ಡತನ ಅವರದ್ದು. ನಾನಾಗಿದ್ದರೆ ಆಡುತ್ತಿದ್ದೆ.

ಸಂಜೆಯ ಪಾರ್ಟಿ ಹೇಗೆ ನಡೆಯಿತೆಂದು ಹೇಳುವುದೇ ಬೇಡ. ಕುರ್ಚಿ ಆಟ, ಕಣ್ಣಾಮುಚ್ಚಾಲೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆನೆಗೆ ಬಾಲ ಅಂಟಿಸುವುದು, ಎಲ್ಲಾ ನನ್ನ ಉಸ್ತುವಾರಿ. ಬಾಲ ಹೋಗಿ ನನ್ನ ಗಂಡನ ಬೆನ್ನಿಗೆ ಅಂಟಿತು, ಅವರು ಅದನ್ನು ಕಿತ್ತುಹಾಕದೆ ಮನೆಯೆಲ್ಲ ಓಡಾಡಿದರು, ಮಕ್ಕಳು ಬಿದ್ದು ಬಿದ್ದು ನಕ್ಕವು. ಗುಬ್ಬಿಯೂ ನಕ್ಕಳು. ನಗುವುದಕ್ಕೆ ಮೊದಲ ಅಕ್ಷರ ಬೇಕಿಲ್ಲವಲ್ಲ. ಮಾತು ಮಾತ್ರ ಕಡಿಮೆ. ಹೂಂ, ಊಹೂಂ, ಕೈಸನ್ನೆ. ಯಾರೂ ಅಣಕಿಸಲಿಲ್ಲ. ಅಣಕಿಸಲು ಅವಳು ಆಸ್ಪದವನ್ನೇ ಕೊಟ್ಟಿರಲಿಲ್ಲ.

ಒಬ್ಬಳು ಎರಡು ಜಡೆಯ ಹುಡುಗಿ ಇದ್ದಳು, ಬಾಯಿಬಡುಕಿ. ನಿಮ್ಮನೆ ಫ್ಯಾನಿಗೆ ಯಾಕೆ ಮೂರೇ ರೆಕ್ಕೆ, ನಿಮ್ಮಜ್ಜಿ ಹಲ್ಲು ನಿಜವಾದದ್ದಾ, ಕೇಕಿನ ಮೂಲೆ ತುಂಡು ಯಾರಿಗೆ. ಬಿಡುವೇ ಇಲ್ಲ. ನನಗಂತೂ ತುಂಬ ಹಿಡಿಸಿದಳು. ಗುಬ್ಬಿ ಅವಳ ಹಿಂದೆ ಹಿಂದೆಯೇ ತಿರುಗುತ್ತಿದ್ದಳು.

ಮಕ್ಕಳನ್ನು ಕರೆದೊಯ್ಯಲು ಅಪ್ಪ ಅಮ್ಮಂದಿರು ಕೆಳಗೆ ಬಂದು ನಿಂತರು. ಬಾಗಿಲಲ್ಲಿ ಶೂ ಹುಡುಕುವ ಗದ್ದಲ. ಅತ್ತೆ ಚೀಲಗಳ ಬುಟ್ಟಿ ತಂದು ಗುಬ್ಬಿಯ ಪಕ್ಕದ ಸ್ಟೂಲಿನ ಮೇಲಿಟ್ಟರು. ನಾನು ಅವಳ ಹಿಂದೆ ಗೋಡೆಗೆ ಒರಗಿ ನಿಂತೆ. ಪಕ್ಕದಲ್ಲಲ್ಲ, ಹಿಂದೆ.

ಮಗಳ ಉಪಾಯ ಕೆಲಸ ಮಾಡಿತು ನೋಡಿ! ಗುಬ್ಬಿ ಚೀಲ ಕೊಟ್ಟಳು, ಮಗು ಒಳಗೆ ಇಣುಕಿ “ಚೆಂಡು!” ಎಂದು ಕಿರುಚಿ ಲಿಫ್ಟಿನ ಕಡೆ ಓಡಿತು. ಇನ್ನೊಂದು ಚೀಲ, ಇನ್ನೊಂದು ಮಗು. ಯಾರೂ ಅವಳ ಬಾಯಿ ನೋಡಲಿಲ್ಲ. ಅವಳು ಅಂದುಕೊಂಡದ್ದು ಅಕ್ಷರಶಃ ನಡೆಯಿತು. ನನ್ನ ಜೀವ ತಣ್ಣಗಾಯಿತು. ಎಲಾ ಇವಳಾ, ನನಗಿಂತ ಜಾಣೆ ಎಂದು ಒಳಗೊಳಗೇ ಬೀಗಿದೆ.

ಕೊನೆಗೆ ಉಳಿದವಳು ಎರಡು ಜಡೆಯವಳು. ಶೂ ಹಾಕಿಕೊಂಡು ಕೈ ಚಾಚಿದಳು. ಗುಬ್ಬಿ ಚೀಲ ಎತ್ತಿಕೊಂಡವಳು ಕೊಡಲಿಲ್ಲ. ಬೆನ್ನ ಹಿಂದೆ ಹಿಡಿದುಕೊಂಡಳು.

“ನಂಗೆ ಇಲ್ವಾ?”

“ಇ... ಇದೆ. ಮೊದ್ಲು ಕೇಳು.”

ನಾನು ಗೋಡೆ ಬಿಟ್ಟು ನೆಟ್ಟಗೆ ನಿಂತೆ.

“ನಾ... ನಾ... ನಾಳೆ ಸ್... ಸ್...”

ನಿಂತಿತು. ಗಲ್ಲ ಅದುರಿತು. ಜಡೆಯವಳು ಹುಬ್ಬು ಗಂಟಿಕ್ಕಿ ಅವಳ ಬಾಯನ್ನೇ ನೋಡತೊಡಗಿದಳು. ಲಿಫ್ಟಿನ ಹತ್ತಿರ ಇನ್ನೂ ಇಬ್ಬರು ಮಕ್ಕಳಿದ್ದರು, ಅವರೂ ತಿರುಗಿ ನೋಡಿದರು. ನಾಳೆ ಸ್ಕೂಲಲ್ಲಿ ಸಿಗೋಣ. ಇಷ್ಟೇ ತಾನೆ? ಮಾತು ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದೆ.

ಗುಬ್ಬಿ ಹಿಂತಿರುಗಲಿಲ್ಲ. ಬೆನ್ನ ಹಿಂದೆ ಚೀಲ ಹಿಡಿದಿದ್ದ ಕೈಯನ್ನು ಹಾಗೇ ಬಿಟ್ಟು, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ನಿಲ್ಲು ಎಂಬಂತೆ ಅಂಗೈ ಅಗಲಿಸಿದಳು. ಅದು ನನಗೆ.

ನಾನು ಬಾಯಿ ಮುಚ್ಚಿದೆ. ಹಲ್ಲು ಕಚ್ಚಿ ಹಿಡಿದುಕೊಂಡೆ. ಜಡೆಯವಳು ಕಾಲು ಬದಲಿಸಿ ನಿಂತಳು, ಮೂಗು ತುರಿಸಿಕೊಂಡಳು, ಆದರೆ ಅಲ್ಲಾಡಲಿಲ್ಲ. ಜೀವಮಾನದಲ್ಲೇ ಮೊದಲ ಸಲ ಇರಬೇಕು, ಆ ಬಾಯಿಬಡುಕಿಯೂ ಈ ಬಾಯಿಬಡುಕಿಯೂ ಒಟ್ಟಿಗೆ ಸುಮ್ಮನಿದ್ದದ್ದು.

“ಸ್... ಸ್ಕೂಲಲ್ಲಿ ನನ್ನ ಪಕ್ಕ ಕೂ... ಕೂತ್ಕೋತೀಯಾ? ಅಲ್ಲಿ ಯಾರೂ ಕೂರಲ್ಲ.”

ನನಗೆ ಗೊತ್ತೇ ಇರಲಿಲ್ಲ. ಶಾಲೆಗೆ ಸೇರಿ ಇಷ್ಟು ತಿಂಗಳಾದರೂ ನನ್ನ ಮಗಳು ಒಬ್ಬಳೇ ಕೂರುತ್ತಿದ್ದಳು, ಅದು ನನಗೆ ಗೊತ್ತಿರಲಿಲ್ಲ. ನಾಳೆ ಸಿಗೋಣ ಎಂದು ನಾನು ಮುಗಿಸಿಬಿಟ್ಟಿದ್ದರೆ ಈ ಹುಡುಗಿ “ಸರಿ ಆಂಟಿ” ಎಂದು ಲಿಫ್ಟ್ ಹತ್ತುತ್ತಿದ್ದಳು, ನಾನು ಮಗಳ ಬೆನ್ನು ತಟ್ಟುತ್ತಿದ್ದೆ, ಅವಳು ಬೆಳಿಗ್ಗೆ ಹೋಗಿ ಮತ್ತೆ ಒಬ್ಬಳೇ ಕೂರುತ್ತಿದ್ದಳು.

ಜಡೆಯವಳು ತಲೆ ಓರೆ ಮಾಡಿ ಯೋಚಿಸಿದಳು.

“ಕೂತ್ಕೋತೀನಿ. ಆದ್ರೆ ಕಿಟಕಿ ಕಡೆ ನಾನು.”

“ಹೂಂ,” ಎಂದಳು ಗುಬ್ಬಿ, ಮತ್ತು ಚೀಲ ಕೊಟ್ಟಳು.